ಮನೆಬೆಕ್ಕಿನ ರೋಗ ಕಾಡು ಹೊಕ್ಕಾಗ

2023ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ. ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಒಂದರ ಹಿಂದೊಂದು ಏಳು ಚಿರತೆ ಮರಿಗಳು ಸತ್ತವು. ಲಸಿಕೆ ಹಾಕಿಸಿದ್ದ ಮರಿಗಳೇ. ಕೊಂದದ್ದು ಪ್ಯಾನ್‌ಲ್ಯುಕೋಪೇನಿಯಾ, ಬೆಕ್ಕು ಸಾಕುವವರು ಹೆದರುವ ಅದೇ ವೈರಸ್.

ಈ ಸೋಂಕು ತಗುಲಿದ ಬೆಕ್ಕನ್ನು ನೋಡಿದವರು ಮರೆಯಲಾರರು. ನೀರಿನ ಬಟ್ಟಲ ಮುಂದೆ ಮುದುಡಿ, ಗದ್ದವನ್ನು ಅಂಚಿಗೆ ಇಳಿಬಿಟ್ಟು ಕೂತಿರುತ್ತದೆ. ದಾಹವಿದೆ, ಕುಡಿಯಲಾಗದು. ವಾಂತಿ, ಭೇದಿ ಹಿಡಿದು, ಬಿಳಿ ರಕ್ತಕಣಗಳು ನೆಲಕಚ್ಚಿ, ಎಳೆಯ ಮರಿಯಾದರೆ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ವೈರಸ್ ಮಾತ್ರ ನೆಲದಲ್ಲಿ, ಹಾಸಿದ ಗೋಣಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಚಪ್ಪಲಿಗೆ ಅಂಟಿ ಇನ್ನೊಂದು ಮನೆಗೂ ಹೋಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಅದು ಜಗ್ಗದು, ಬ್ಲೀಚ್ ದ್ರಾವಣವೇ ಬೇಕು.

ಇನ್ನೊಂದು ವೈರಸ್ ಜೊಲ್ಲಿನಲ್ಲಿ ಹರಡುತ್ತದೆ: ಬೆಕ್ಕಿನ ಲ್ಯುಕೇಮಿಯಾ. ಮೈ ನೆಕ್ಕಿದರೆ, ಕಚ್ಚಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಸಾಕು. ಸ್ಪೇನಿನ ದೊನ್ಯಾನಾ ಕಾಡಿನಲ್ಲಿ 2007ರಲ್ಲಿ ಅದು ಐಬೀರಿಯನ್ ಲಿಂಕ್ಸ್‌ಗಳಿಗೆ ತಗುಲಿತು. ಕಿವಿತುದಿಯಲ್ಲಿ ಕಪ್ಪು ಕುಚ್ಚಿರುವ, ಮೊಲ ತಿಂದು ಬದುಕುವ ಆ ಕಾಡುಬೆಕ್ಕು ಆಗ ಅಳಿವಿನಂಚಿನಲ್ಲಿತ್ತು. 2002ರ ಎಣಿಕೆಯಲ್ಲಿ ಸಿಕ್ಕವು ನೂರಕ್ಕೂ ಕಡಿಮೆ. ಸೋಂಕು ಬಂದದ್ದು ಊರಬೆಕ್ಕುಗಳಿಂದ. ಹಲವು ಲಿಂಕ್ಸ್‌ಗಳು ಸತ್ತವು. ಅಲ್ಲಿನವರು ಕೈಕಟ್ಟಿ ಕೂರಲಿಲ್ಲ. ಲಿಂಕ್ಸ್‌ಗಳನ್ನು ಹಿಡಿದು ರಕ್ತ ಪರೀಕ್ಷಿಸಿದರು, ಸೋಂಕು ತಗುಲಿದವನ್ನು ಬೇರ್ಪಡಿಸಿದರು, ಉಳಿದವಕ್ಕೆ ಲಸಿಕೆ ಚುಚ್ಚಿ ಬಿಟ್ಟರು, ಕಾಡಿನಲ್ಲಿ ಅಲೆಯುತ್ತಿದ್ದ ಬೆಕ್ಕುಗಳನ್ನೂ ಹಿಡಿದು ತೆಗೆದರು. ರೋಗ ಹತೋಟಿಗೆ ಬಂತು. ಇಂದು ಸ್ಪೇನ್, ಪೋರ್ಚುಗಲ್ ಸೇರಿ ಲಿಂಕ್ಸ್ ಸಂಖ್ಯೆ ಎರಡು ಸಾವಿರ ದಾಟಿದೆ.

ಫ್ಲಾರಿಡಾದ ಕೆಲವು ಪ್ಯಾಂಥರ್‌ಗಳೂ ಈ ಶತಮಾನದ ಆರಂಭದಲ್ಲಿ ಇದೇ ವೈರಸ್‌ಗೆ ಬಲಿಯಾದವು.

ನಮ್ಮಲ್ಲಿ ಊರು-ಕಾಡಿನ ನಡುವಿನ ಗಡಿ ಇನ್ನೂ ತೆಳು. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುತ್ತದೆ, ಹಿತ್ತಿಲ ಬೆಕ್ಕನ್ನೇ ಹೊತ್ತೊಯ್ಯುತ್ತದೆ. ಕಾಡುಬೆಕ್ಕು, ಚಿರತೆ ಬೆಕ್ಕುಗಳು ಇಲಿ ಹುಡುಕುತ್ತ ಕಣದವರೆಗೆ ಬರುತ್ತವೆ. ಅವಕ್ಕೆ ಕಾಡಿನಲ್ಲಿ ಸೂಜಿ ಚುಚ್ಚುವವರು ಯಾರು? ಹಾಗಾಗಿ ತಡೆ ಊರಲ್ಲೇ ಆಗಬೇಕು. ಬೆಕ್ಕಿನ ಮರಿಗೆ ಆರರಿಂದ ಎಂಟು ವಾರವಾದಾಗ ಪ್ಯಾನ್‌ಲ್ಯುಕೋಪೇನಿಯಾ ತಡೆಯುವ ಮೊದಲ ಲಸಿಕೆ, ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ, ಹದಿನಾರು ವಾರ ತುಂಬುವವರೆಗೆ. ನಾಯಿಗಳಿಗೆ ರೇಬಿಸ್ ಚುಚ್ಚುಮದ್ದು ಹಾಕುವ ಶಿಬಿರ ನಡೆಯುವ ದಿನವೇ ಕಾಡಂಚಿನ ಹಳ್ಳಿಯ ಬೆಕ್ಕುಗಳನ್ನೂ ಬುಟ್ಟಿಯಲ್ಲಿ ತರಲು ಹೇಳಿದರೆ ಈ ಕೆಲಸ ಶುರುವಾಗುತ್ತದೆ.