ಬಡಾವಣೆಯ ಗ್ರಂಥಾಲಯ: ನಾಗರಿಕರ ಹಣದಲ್ಲೇ ನಡೆಯುವ ಓದಿನ ಮನೆ

ಆಸ್ತಿ ತೆರಿಗೆಯ ರಸೀದಿಯನ್ನು ಜೋಪಾನವಾಗಿ ಎತ್ತಿಡುವ ನಗರವಾಸಿಗಳಲ್ಲಿ ಎಷ್ಟೋ ಮಂದಿ ‘ಗ್ರಂಥಾಲಯ ಕರ’ದತ್ತ ಗಮನ ಹರಿಸಿರುವುದಿಲ್ಲ. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆಯಂತೆ ಈ ಕರ ಸಂಗ್ರಹವಾಗುತ್ತದೆ. ಅಂದರೆ 5,000 ರೂಪಾಯಿ ತೆರಿಗೆ ಕಟ್ಟುವ ಕುಟುಂಬವೊಂದು ವರ್ಷಕ್ಕೆ 300 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ನೀಡುತ್ತಿದೆ. ಬೀದಿಯ ಕೊನೆಯಲ್ಲಿರುವ ಶಾಖಾ ಗ್ರಂಥಾಲಯ ಸರ್ಕಾರದ ದಾನವಲ್ಲ. ಅದು ನಾಗರಿಕರ ಸ್ವಂತ ಆಸ್ತಿ.

ಕಾಯ್ದೆಯ ಹಿನ್ನೆಲೆ

ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ರೂಪುಗೊಂಡದ್ದು 1965ರಲ್ಲಿ. ಜಾರಿಗೆ ಬಂದದ್ದು ಮರುವರ್ಷ. ಇಂತಹ ಕಾಯ್ದೆಗಳಿಗಾಗಿ ದೇಶದಾದ್ಯಂತ ಶ್ರಮಿಸಿದವರು ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್. ಅವರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ನಿಧನರಾದರು. ಪುಸ್ತಕ ಇರುವುದು ಬಳಕೆಗಾಗಿಯೇ ಹೊರತು ಬೀರುವಿನಲ್ಲಿ ಕಾಪಾಡುವುದಕ್ಕಲ್ಲ ಎಂಬುದು 1931ರಲ್ಲಿ ಅವರು ಮಂಡಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದರ ತಿರುಳು.

ಸ್ಥಳೀಯ ಸಂಸ್ಥೆಗಳು ತೆರಿಗೆಯೊಂದಿಗೆ ಕರವನ್ನು ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ನಗರ ಕೇಂದ್ರ ಗ್ರಂಥಾಲಯ ಹಾಗೂ ಅದರ ಶಾಖೆಗಳು ಈ ಹಣವನ್ನೇ ನೆಚ್ಚಿಕೊಂಡಿವೆ. ವಸೂಲಾದ ಕರ ಪ್ರಾಧಿಕಾರದ ಕೈಸೇರುವುದು ತಡವಾದರೆ ಹೊಸ ಪುಸ್ತಕಗಳ ಖರೀದಿ, ಪತ್ರಿಕೆಗಳ ಪೂರೈಕೆ, ಕಟ್ಟಡಗಳ ದುರಸ್ತಿ ಎಲ್ಲಕ್ಕೂ ಅಡಚಣೆ ತಪ್ಪದು. ಕರದ ಬಾಕಿಯ ಪ್ರಶ್ನೆ ಆಗಾಗ ಸುದ್ದಿಯಾಗುವುದು ಈ ಕಾರಣಕ್ಕೇ.

ಒಂದೇ ಸೂರು, ಹಲವು ಓದು

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹಿರಿಯರು ಮೆಟ್ಟಿಲ ಮೇಲೆ ಕಾದಿರುತ್ತಾರೆ. ಒಂದೇ ಪತ್ರಿಕೆಯ ಹಾಳೆಗಳು ಬೇರೆ ಬೇರೆಯಾಗಿ ನಾಲ್ಕಾರು ಕೈಗಳಿಗೆ ಹಂಚಿಹೋಗುತ್ತವೆ. ಮಧ್ಯಾಹ್ನಕ್ಕೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಯುವಕ ಯುವತಿಯರ ಸರದಿ. ಬಾಡಿಗೆ ಕೊಠಡಿಯ ಇಕ್ಕಟ್ಟಿನಲ್ಲಿ ಓದಲಾಗದವರಿಗೆ ಇಲ್ಲಿನ ಮೇಜು, ಕುರ್ಚಿ, ಮೌನ ಮೂರೂ ದೊಡ್ಡ ಆಸರೆ. ಸಂಜೆ ಕಾದಂಬರಿಗಳನ್ನು ಬದಲಿಸಿಕೊಳ್ಳಲು ಗೃಹಿಣಿಯರು ಬರುತ್ತಾರೆ. ಶಾಲೆ ಬಿಟ್ಟ ಮಕ್ಕಳು ಚಿತ್ರಕಥೆಗಳ ಕಪಾಟಿನತ್ತ ಧಾವಿಸುತ್ತಾರೆ. ಭೈರಪ್ಪ, ತ್ರಿವೇಣಿ, ತೇಜಸ್ವಿ ಅವರ ಕೃತಿ ಯಾರ ಮನೆಗೆ ಹೋಗಿದೆ, ಎಂದು ಮರಳಿ ಬರುತ್ತದೆ ಎಂಬ ವಿಚಾರಣೆಯಿಂದಲೇ ಎಷ್ಟೋ ಪರಿಚಯಗಳು ಆರಂಭವಾಗುತ್ತವೆ. ಹಣ ಕೊಡದೆ, ಏನನ್ನೂ ಕೊಳ್ಳದೆ ಗಂಟೆಗಟ್ಟಲೆ ಕುಳಿತಿರಬಹುದಾದ ಸ್ಥಳಗಳು ನಗರಗಳಲ್ಲಿ ವಿರಳವಾಗುತ್ತಿರುವಾಗ ಇದರ ಮಹತ್ವ ಸಣ್ಣದಲ್ಲ.

ಮೈಸೂರಿನ ನಿದರ್ಶನ

ಬಡಾವಣೆಯ ಗ್ರಂಥಾಲಯದ ಬಗ್ಗೆ ಜನರಿಗಿರುವ ಮಮತೆಗೆ ಮೈಸೂರಿನ ರಾಜೀವ್‌ನಗರ ಸಾಕ್ಷಿ. ಅಲ್ಲಿನ ಉದ್ಯಾನವೊಂದರಲ್ಲಿ ಶಾಲಾ ಶಿಕ್ಷಣದಿಂದ ವಂಚಿತರಾದ ದಿನಗೂಲಿ ಕಾರ್ಮಿಕರೊಬ್ಬರು 2011ರಲ್ಲಿ ಸ್ವಂತ ಆಸಕ್ತಿಯಿಂದ ಗ್ರಂಥಾಲಯ ಆರಂಭಿಸಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಗಿ ಸುಮಾರು 11 ಸಾವಿರ ಪುಸ್ತಕಗಳು ಬೂದಿಯಾದವು. ಅವುಗಳಲ್ಲಿ ಬಹುಪಾಲು ಕನ್ನಡ ಪುಸ್ತಕಗಳು. ಸುದ್ದಿ ಹರಡುತ್ತಿದ್ದಂತೆ ನಾನಾ ಕಡೆಗಳಿಂದ ಪುಸ್ತಕ ಹಾಗೂ ಧನಸಹಾಯದ ಭರವಸೆಗಳು ಹರಿದುಬಂದವು. ಸರ್ಕಾರದ ಶಾಖೆಯಲ್ಲದ ಪುಟ್ಟ ಗ್ರಂಥಾಲಯಕ್ಕೆ ದೊರೆತ ಈ ಸ್ಪಂದನ, ಓದುವವರೇ ಇಲ್ಲವೆಂಬ ದೂರಿಗೆ ತಕ್ಕ ಉತ್ತರ.

ಓದುಗರ ಹೊಣೆ

2020ರಲ್ಲಿ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಆರಂಭವಾಯಿತು. ಆದರೆ ಮೊಬೈಲ್ ಪರದೆ ಪುಸ್ತಕವನ್ನು ನೀಡಬಲ್ಲದೇ ಹೊರತು ಪಕ್ಕದ ಕುರ್ಚಿಯ ಓದುಗರನ್ನಲ್ಲ. ಪತ್ರಿಕೆ ಓದಲು ಸದಸ್ಯತ್ವ ಬೇಕಿಲ್ಲ. ಪುಸ್ತಕ ಮನೆಗೆ ಒಯ್ಯಬೇಕಾದರೆ ಅರ್ಜಿ ತುಂಬಿ ಸದಸ್ಯರಾಗಬೇಕು. ಕಪಾಟಿನಲ್ಲಿಲ್ಲದ ಪುಸ್ತಕ ಬೇಕಿದ್ದರೆ ಗ್ರಂಥಪಾಲಕರಿಗೆ ತಿಳಿಸಬಹುದು. ಬೇಡಿಕೆ ದಾಖಲಾಗದಿದ್ದರೆ ಖರೀದಿಗೆ ಒತ್ತಾಯಿಸಲು ಅವರಿಗೂ ಆಧಾರವಿರದು. ಬಳಸುವವರಿಲ್ಲದ ಶಾಖೆಯ ಕರದ ಬಾಕಿಯನ್ನು ಕೇಳುವವರೂ ಇರುವುದಿಲ್ಲ. ಕರ ಕಟ್ಟಿದವರು ವಾರಕ್ಕೊಮ್ಮೆಯಾದರೂ ಗ್ರಂಥಾಲಯದ ಹೊಸ್ತಿಲು ದಾಟಿದರೆ, ತಮ್ಮ ಹಣ ಏನಾಗುತ್ತಿದೆ ಎಂಬುದನ್ನು ಕಣ್ಣಾರೆ ಕಂಡು ಪ್ರಶ್ನಿಸುವ ಹಕ್ಕಿಗೂ ಬಲ ಬರುತ್ತದೆ.