ಲಿಸ್ಲ್‌ನಲ್ಲಿ ಹ್ಯಾಮ್ ಜಾಗರಣೆ: 48 ಗಂಟೆ ಕಿವಿ ಚುರುಕಾಗಿಡುವ ಬಗೆ

ಅಕ್ಟೋಬರ್ ಕೊನೆ ಬಂತೆಂದರೆ ಶಿಕಾಗೋ ಸುತ್ತಲಿನ ಕನ್ನಡ ಕುಟುಂಬಗಳಲ್ಲಿ ದೀಪಾವಳಿ, ರಾಜ್ಯೋತ್ಸವದ ಗಡಿಬಿಡಿ. ಮಕ್ಕಳ ನೃತ್ಯಾಭ್ಯಾಸ, ನಾಟಕದ ತಾಲೀಮು ಎಲ್ಲವೂ ವಾರಾಂತ್ಯಕ್ಕೇ. ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್, ಹುಚ್ಚು ಹಿಡಿಸಿಕೊಂಡ ನಮ್ಮಂಥವರಿಗೆ ಧರ್ಮಸಂಕಟ ಶುರುವಾಗುವುದೂ ಆಗಲೇ. ದೊಡ್ಡ ಸ್ಪರ್ಧೆಯಾದ ‘ಸಿಕ್ಯೂ ವರ್ಲ್ಡ್ ವೈಡ್’ನ ಧ್ವನಿ ವಿಭಾಗ ನಡೆಯುವುದು ಅಕ್ಟೋಬರ್‌ನ ಕೊನೆಯ ಪೂರ್ಣ ವಾರಾಂತ್ಯದಲ್ಲಿ. ಮೋರ್ಸ್ ವಿಭಾಗ ನವೆಂಬರ್ ಕೊನೆಗೆ, ಹೆಚ್ಚಿನ ವರ್ಷ ಥ್ಯಾಂಕ್ಸ್‌ಗಿವಿಂಗ್ ರಜೆಯ ಜತೆಗೇ. ಒಂದೊಂದೂ 48 ಗಂಟೆ.

ಲಿಸ್ಲ್‌ನಲ್ಲಿ ಶುಕ್ರವಾರ ಸಂಜೆ 7ಕ್ಕೆ ಧ್ವನಿ ಸ್ಪರ್ಧೆ ಆರಂಭ. ಆಗ ಬೆಂಗಳೂರಿನಲ್ಲಿ ಶನಿವಾರ ಬೆಳಗಿನ 5.30. 160 ಮೀಟರ್‌ನಿಂದ 10 ಮೀಟರ್‌ವರೆಗೆ ಆರು ಬ್ಯಾಂಡ್‌ಗಳು. ಸಿಕ್ಕವರೊಂದಿಗೆ ಸಂಕೇತದ ಗುಣಮಟ್ಟ ಮತ್ತು ವಲಯ ಸಂಖ್ಯೆ ವಿನಿಮಯ ಮಾಡಿಕೊಂಡು ಮುಂದಕ್ಕೆ ಹೋಗಬೇಕು. ಇಲಿನಾಯ್‌ನದು 4ನೇ ವಲಯ, ಕರ್ನಾಟಕದ್ದು 22. ಬೇರೆ ಖಂಡದವರು ಸಿಕ್ಕರೆ 3 ಅಂಕ. ಪ್ರತಿ ಬ್ಯಾಂಡ್‌ನಲ್ಲಿ ಸಿಕ್ಕ ದೇಶ, ವಲಯಗಳ ಸಂಖ್ಯೆಯಿಂದ ಒಟ್ಟು ಅಂಕವನ್ನು ಗುಣಿಸುತ್ತಾರೆ.

ಮೊದಲ ಸಂಜೆ ಯಾರಿಗೂ ಹುರಿದುಂಬಿಸುವ ಅಗತ್ಯವಿಲ್ಲ. ಪರೀಕ್ಷೆ ಇರುವುದು ಎರಡನೇ ರಾತ್ರಿ 2ರಿಂದ 5ರ ನಡುವೆ. ಯುರೋಪಿನ ಗದ್ದಲ ಅಡಗಿರುತ್ತದೆ. ಕರೆದರೆ ಓಗೊಡುವವರಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಗಂಟೆಗೆ ಎಷ್ಟು ಸಂಪರ್ಕವೆಂಬ ಲೆಕ್ಕ ಇಳಿಯುತ್ತಲೇ ಇರುತ್ತದೆ. ಕೇಳಿದ ಕರೆಗುರುತು ಅರ್ಧ ಟೈಪ್ ಮಾಡುವಷ್ಟರಲ್ಲಿ ಮರೆತುಹೋಗುತ್ತದೆ. ಆಗ ಕಣ್ಣು ಬಿಟ್ಟುಕೊಂಡು ಕೂರುವುದನ್ನು ಪೌರುಷವೆಂದು ನಾವು ಒಪ್ಪುವುದಿಲ್ಲ. ತಪ್ಪಾಗಿ ಬರೆದುಕೊಂಡ ಕರೆಗುರುತಿಗೆ ಅಂಕವೂ ಇಲ್ಲ, ಮೇಲೆ ದಂಡ ಬೇರೆ. ಒಂದೂವರೆ ಗಂಟೆಯ ನಿದ್ದೆಯನ್ನು ಈ ಹೊತ್ತಿಗೇ ಮೊದಲೇ ಗೊತ್ತುಮಾಡಿಟ್ಟು, ಅಲಾರಂ ಕೈಗೆಟುಕದಷ್ಟು ದೂರ ಇಡುವುದು ಮೇಲು. ‘ಡಬ್ಲ್ಯುಪಿಎಕ್ಸ್’ ಸ್ಪರ್ಧೆಯ ನಿಯಮವಂತೂ ಒಬ್ಬಂಟಿ ಸ್ಪರ್ಧಿಗೆ 48ರಲ್ಲಿ 36 ಗಂಟೆ ಮಾತ್ರ ಅವಕಾಶ ಕೊಡುತ್ತದೆ. ಊಟದ್ದೂ ಇದೇ ಕಥೆ. ರಾತ್ರಿ ಬಿಸಿಬೇಳೆಬಾತ್ ಬಾರಿಸಿ ಹೆಡ್‌ಫೋನ್ ಹಾಕಿಕೊಂಡರೆ ಗೊರಕೆ ಖಚಿತ. ಅವಲಕ್ಕಿ, ಹಣ್ಣು, ಮಜ್ಜಿಗೆ ಸಾಕು.

ಬೆಳಗಿಗೊಂದು ಗುರಿ ಇದ್ದರೆ ಏಳುವ ಮನಸ್ಸಾಗುತ್ತದೆ. ನಮ್ಮದು ಊರಿನ ಕರೆ. ಬೆಂಗಳೂರು ಇಲ್ಲಿಂದ ಸುಮಾರು 13,700 ಕಿಲೋಮೀಟರ್. ಭೂಪಟ ನೋಡಿದವರು ಆಂಟೆನಾವನ್ನು ಪೂರ್ವಕ್ಕೆ ತಿರುಗಿಸಿಯಾರು! ಹತ್ತಿರದ ದಾರಿ ಇರುವುದು ಉತ್ತರ ಧ್ರುವದ ಪಕ್ಕದಿಂದ. ಧ್ರುವಜ್ಯೋತಿ ಕೆರಳಿದ ದಿನ ಆ ದಾರಿಯೇ ಮುಚ್ಚಿಹೋಗುತ್ತದೆ. ಆದರೆ ಅಕ್ಟೋಬರ್ ಕೊನೆಗೆ ಲಿಸ್ಲ್‌ನಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ, ಅಂದರೆ ಬೆಳಗ್ಗೆ 7.15ರ ಸುಮಾರಿಗೆ, ಬೆಂಗಳೂರಿನಲ್ಲಿ ಸೂರ್ಯ ಮುಳುಗುತ್ತಿರುತ್ತಾನೆ. ಹಗಲು ರಾತ್ರಿಗಳ ಆ ಗಡಿಯಲ್ಲಿ ‘ವಿಯು’ ಎಂದು ಶುರುವಾಗುವ ಕರೆಯೊಂದು ಕ್ಷೀಣವಾಗಿ ಕೇಳಿದರೂ ನಿದ್ದೆ ಹಾರಿಹೋಗುತ್ತದೆ.

ಯಾರೊಂದಿಗೆ ಹೋಲಿಸಿಕೊಳ್ಳುತ್ತೇವೆ ಎಂಬುದೂ ಮುಖ್ಯ. ಪೂರ್ವ ಕರಾವಳಿಯವರಿಗೆ ಯುರೋಪ್ ಹತ್ತಿರ. ಅವರ ಅಂಕ ನೋಡಿದರೆ ನಮ್ಮ ಉತ್ಸಾಹವೇ ಇಂಗುತ್ತದೆ. 1,500 ವ್ಯಾಟ್‌ನವರ ಎದುರು 100 ವ್ಯಾಟ್‌ನವರು ನಿಲ್ಲಬೇಕಿಲ್ಲ, ಅವರಿಗೆ ಪ್ರತ್ಯೇಕ ವಿಭಾಗವಿದೆ. ಕಳೆದ ವರ್ಷ ಇದೇ ಗಂಟೆಗೆ ನಮ್ಮದೇ ಲೆಕ್ಕ ಎಷ್ಟಿತ್ತು ಎಂದು ಚೀಟಿ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು. ಇನ್ನು ‘ಸೊಸೈಟಿ ಆಫ್ ಮಿಡ್‌ವೆಸ್ಟ್ ಕಂಟೆಸ್ಟರ್ಸ್’ನಂಥ ಕ್ಲಬ್‌ಗೆ ಸೇರಿದರೆ ನಮ್ಮ ಸಣ್ಣ ಅಂಕವೂ ಕ್ಲಬ್ಬಿನ ಮೊತ್ತಕ್ಕೆ ಕೂಡುತ್ತದೆ. ನಡುವೆ ಎದ್ದುಹೋಗಲು ಸಂಕೋಚವಾಗುತ್ತದೆ.

ಮನೆಯವರ ಸಹನೆ ಮಾತ್ರ ಯಾವ ಲೆಕ್ಕಕ್ಕೂ ಸಿಗದು. ಟೌನ್‌ಹೋಮ್ ಸಂಘಗಳು ಗೋಪುರಕ್ಕೆ ಒಪ್ಪುವುದಿಲ್ಲವೆಂದು ಮರಕ್ಕೆ ತಂತಿ ಕಟ್ಟುವವರು, ಮಕ್ಕಳ ಕಾರ್ಯಕ್ರಮಕ್ಕೆಂದು ಶನಿವಾರ ಸಂಜೆಯ ನಾಲ್ಕು ಗಂಟೆಯನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಟ್ಟರೆ ಎರಡೂ ಕಡೆ ನೆಮ್ಮದಿ. ಮನೆಯವರ ಮುನಿಸನ್ನು ತಲೆಯಲ್ಲಿಟ್ಟುಕೊಂಡು ದುರ್ಬಲ ಸಂಕೇತ ಕೇಳಲಾಗದು. ಸೋಮವಾರ ಬೆಳಗ್ಗೆ ನಿದ್ದೆಗಣ್ಣಲ್ಲಿ ಐ-88 ಹೆದ್ದಾರಿಗೆ ಕಾರು ಇಳಿಸುವುದಂತೂ ಬೇಡವೇ ಬೇಡ. ಅಂದು ರಜೆ ಹಾಕಿ.

ಅಂಕಕ್ಕಾಗಿ ಇಷ್ಟೊಂದು ಪಾಡೇ ಎನ್ನುವವರಿಗೆ 2004ರ ಡಿಸೆಂಬರ್ ನೆನಪಿಸಬೇಕು. ಜಗತ್ತಿನ ಹ್ಯಾಮ್‌ಗಳೊಂದಿಗೆ ಸಂಪರ್ಕ ಸಾಧಿಸಲು ಭಾರತಿ ಪ್ರಸಾದ್ ನೇತೃತ್ವದ ತಂಡ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರಂದು ಸುನಾಮಿ ಬಡಿಯಿತು. ದೂರವಾಣಿ ಕೈಕೊಟ್ಟಾಗ ದ್ವೀಪದಲ್ಲಿದ್ದವರ ಕ್ಷೇಮ ಸಮಾಚಾರವನ್ನು ಮುಖ್ಯಭೂಮಿಗೆ ಮುಟ್ಟಿಸಿದ್ದು ಅದೇ ರೇಡಿಯೋಗಳು, ಗಂಟೆಗಟ್ಟಲೆ ಆಲಿಸಿ ಪಳಗಿದ ಅದೇ ಕಿವಿಗಳು.

ಕಲಿಯಬಯಸುವವರಿಗೆ ಅಮೆರಿಕದ ಪೌರತ್ವ ಬೇಕಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಮೊದಲ ಹಂತದ ಟೆಕ್ನಿಷಿಯನ್ ಪರೀಕ್ಷೆಯ 35 ಪ್ರಶ್ನೆಗಳಲ್ಲಿ 26 ಸರಿಯಾದರೆ ಸಾಕು. ನೇರ 48 ಗಂಟೆಗೆ ಕೈಹಾಕುವ ಬದಲು ಜೂನ್‌ನ ನಾಲ್ಕನೇ ವಾರಾಂತ್ಯದ ‘ಫೀಲ್ಡ್ ಡೇ’ಗೆ ಬನ್ನಿ. ಅಲ್ಲಿ ಬಯಲಲ್ಲಿ ಡೇರೆ ಹಾಕಿ, ಸರದಿಯ ಮೇಲೆ 24 ಗಂಟೆ ರೇಡಿಯೋ ಮುಂದೆ ಕೂರುತ್ತಾರೆ.