ದಿನದ ವಾಚನ, ಹತ್ತು ನಿಮಿಷದ ಮೌನ

1893ರಲ್ಲಿ ಮರಾಠಿ ಕವಿ ನಾರಾಯಣ ವಾಮನ ತಿಲಕರು ನಾಗಪುರದಿಂದ ರಾಜನಾಂದಗಾಂವ್‌ಗೆ ರೈಲಿನಲ್ಲಿ ಹೊರಟಿದ್ದರು. ಜೊತೆಯಲ್ಲಿ ಕೂತಿದ್ದ ಮಿಷನರಿಯೊಬ್ಬರು ಅವರ ಕೈಗೆ ಕ್ರೈಸ್ತ ಧರ್ಮಗ್ರಂಥ ಕೊಟ್ಟರು. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಪೂರ್ತಿ ಓದಿಬಿಡಬೇಕೆಂದು ತಿಲಕರು ಅಂದುಕೊಂಡರು. ಆದರೆ ಪರ್ವತ ಪ್ರಸಂಗಕ್ಕೆ ಬಂದಾಗ ಮುಂದಕ್ಕೆ ಹೋಗಲು ಮನಸ್ಸಾಗದೆ ಅಲ್ಲೇ ನಿಂತರು. 1895ರಲ್ಲಿ ಮುಂಬೈಯಲ್ಲಿ ದೀಕ್ಷಾಸ್ನಾನ ಪಡೆದರು. ಆಮೇಲೆ ಕ್ರಿಸ್ತನನ್ನು ಕುರಿತು ಅಭಂಗಗಳನ್ನು ಬರೆದರು. ವಾಚನ ಹಿಡಿದು ಪ್ರಾರ್ಥಿಸುವುದು ಹೇಗೆ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಈ ನಿಂತ ಸಂಗತಿಯನ್ನೇ.

ಇವತ್ತು ಏನು ಓದಬೇಕು ಎಂಬುದನ್ನು ನಾವು ಆರಿಸಿಕೊಳ್ಳಬೇಕಾಗಿಲ್ಲ. ಕಥೋಲಿಕ ಸಭೆ 1969ರಲ್ಲಿ ಹೊರತಂದ ವಾಚನಗಳ ಪಟ್ಟಿ ಅದನ್ನು ಮೊದಲೇ ಗೊತ್ತುಮಾಡಿದೆ. ಭಾನುವಾರಗಳಿಗೆ ಮೂರು ವರ್ಷದ ಸರದಿ: ಮತ್ತಾಯ, ಮಾರ್ಕ, ಲೂಕ. ಇಸವಿಯನ್ನು 3ರಿಂದ ಭಾಗಿಸಿ ಶೇಷ ಉಳಿಯದಿದ್ದರೆ ಅದು ಲೂಕನ ವರ್ಷ. ವರ್ಷದ ಹೆಚ್ಚಿನ ಭಾಗದಲ್ಲಿ ವಾರದ ದಿನಗಳ ಮೊದಲ ವಾಚನ ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು. ಶುಭಸಂದೇಶ ಮಾತ್ರ ಪ್ರತಿವರ್ಷ ಅದೇ. ಒಂದು ಎಚ್ಚರ: ಸಭೆಯ ಹೊಸ ವರ್ಷ ಜನವರಿಯಲ್ಲಲ್ಲ, ಆಗಮನ ಕಾಲದ ಮೊದಲ ಭಾನುವಾರ, ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಶುರುವಾಗುತ್ತದೆ. ಅಲ್ಲಿಂದಲೇ ಮುಂದಿನ ಇಸವಿಯ ಲೆಕ್ಕ ಹಿಡಿಯಬೇಕು.

ನಾಗಪುರದಲ್ಲಿರುವ ಕನ್ನಡದವರಿಗೆ ಈ ಪಟ್ಟಿ ದೊಡ್ಡ ಆಸರೆ. ಚರ್ಚಿನಲ್ಲಿ ಮರಾಠಿ, ಹಿಂದಿ ಅಥವಾ ಇಂಗ್ಲಿಷ್. ಆದರೆ ಅಧ್ಯಾಯ, ವಚನಗಳ ಸಂಖ್ಯೆ ಎಲ್ಲ ಭಾಷೆಗೂ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಅದೇ ಭಾಗವನ್ನು ಕನ್ನಡದಲ್ಲಿ ಓದಿಕೊಂಡು ಹೋದರೆ, ಪೂಜೆಯಲ್ಲಿ ಅರ್ಧ ಅರ್ಥವಾದ ಮಾತೂ ಪೂರ್ತಿ ನಮ್ಮದಾಗುತ್ತದೆ.

ಓದುವ ಕ್ರಮಕ್ಕೆ ನಾಲ್ಕು ಮೆಟ್ಟಿಲು: ಓದು, ಮನನ, ಪ್ರಾರ್ಥನೆ, ಮೌನ. 12ನೇ ಶತಮಾನದ ಸನ್ಯಾಸಿ ಎರಡನೇ ಗ್ವಿಗೋ ಇದನ್ನು ಏಣಿಯಾಗಿ ವಿವರಿಸಿದ. ಕಲ್ಯಾಣದಲ್ಲಿ ಶರಣರು ವಚನ ನುಡಿಯುತ್ತಿದ್ದುದೂ ಅದೇ ಶತಮಾನದಲ್ಲಿ ಎನ್ನುವುದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಹೆಚ್ಚಿನ ವರ್ಷ ಜೂನ್ ಹೊತ್ತಿಗೆ ವಾರದ ದಿನಗಳಲ್ಲಿ ಪರ್ವತ ಪ್ರಸಂಗದ ಸರದಿ. ಮತ್ತಾಯನ 5ರಿಂದ 7ನೇ ಅಧ್ಯಾಯ, 111 ವಚನ. ತಿಲಕರನ್ನು ನಿಲ್ಲಿಸಿದ ಆ ಭಾಗವನ್ನು ಸಭೆ ಸುಮಾರು ಎರಡೂವರೆ ವಾರ ತುಣುಕು ತುಣುಕಾಗಿ ಓದಿಸುತ್ತದೆ. ಆಗಿನ್ನೂ ಇಲ್ಲಿ ಸೆಕೆ ಇಳಿದಿರುವುದಿಲ್ಲ. ಬೆಳಗಿನ ಐದೂವರೆಗೆ ನಾನು ಕೂಲರ್ ಆರಿಸುತ್ತೇನೆ. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳುವುದಿಲ್ಲ. ಹಕ್ಕಿಗಳು ಬಿತ್ತುವುದಿಲ್ಲ, ಕಣಜ ತುಂಬುವುದಿಲ್ಲ ಎಂಬ ಭಾಗ ಬಂದ ದಿನ ಮೊದಲು ಗಟ್ಟಿಯಾಗಿ, ಎರಡನೇ ಸಲ ನಿಧಾನವಾಗಿ ಓದಿದೆ. 'ಕಣಜ' ಎಂಬ ಪದ ಹಿಡಿದು ನಿಲ್ಲಿಸಿತು. ಊರಿನ ಮನೆಯ ಕಣಜ, ಅದು ಬರಿದಾಗುತ್ತಿದೆ ಎಂದು ಅಪ್ಪ ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಿದ್ದುದು ಕಣ್ಣಿಗೆ ಬಂತು. ಅದು ಮನನ. ಮಗಳ ಫೀಸಿನ ಚಿಂತೆಯನ್ನು ದೇವರ ಮುಂದೆ ಇದ್ದ ಹಾಗೇ ಹೇಳಿಕೊಂಡೆ. ಅದು ಪ್ರಾರ್ಥನೆ. ಆಮೇಲೆ ಏನೂ ಹೇಳದೆ ಕೂತೆ.

ಮನಸ್ಸು ಓಡುತ್ತದೆ, ಓಡಲಿ. ಹಿಡಿದ ಪದಕ್ಕೆ ಮರಳಿದರೆ ಸಾಕು. ಹೊತ್ತಿಲ್ಲದ ದಿನ ಕೀರ್ತನೆಯ ಒಂದೇ ಸಾಲು ಓದಿ. ಜರ್ಮನಿಯ ಹರ್ನ್‌ಹುಟ್‌ನ ಮೊರೇವಿಯನ್ ಸಭೆ 1731ರಿಂದ ದಿನಕ್ಕೊಂದು ವಚನದ ಪುಸ್ತಕ ಅಚ್ಚು ಹಾಕಿಸುತ್ತಾ ಬಂದಿರುವುದು ಇಂಥ ದಿನಗಳಿಗೂ ಒದಗುತ್ತದೆ. ನಿಲ್ಲಿಸಿದ ಪದವನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ. ಸೀತಾಬರ್ಡಿಯ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅಂದು ನನ್ನ ಜೇಬಿನಲ್ಲಿದ್ದದ್ದು 'ಕಣಜ'.